ಊರು ಬಿಡದೆ ದೇಶ ಬಿಟ್ಟವರು: ಕಂಪನಿಗಳ ವಿಳಾಸದ ಲೆಕ್ಕಾಚಾರ

ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರ್ ತಯಾರಿಸುವ ಮೆಡ್‌ಟ್ರಾನಿಕ್ ಕಂಪನಿಯ ಹೆಸರು ನೀವು ಕೇಳಿರಬಹುದು. ಅದು 1949ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಒಂದು ಗ್ಯಾರೇಜಿನಲ್ಲಿ ಹುಟ್ಟಿತು. 2015ರ ಜನವರಿಯಲ್ಲಿ ಐರ್ಲೆಂಡಿನ ಕಂಪನಿಯಾಯಿತು.

ಹಾಗಂತ ಯಾರೂ ಗಂಟುಮೂಟೆ ಕಟ್ಟಲಿಲ್ಲ. ಮೇಜು ಕುರ್ಚಿಗಳು ಹಡಗು ಹತ್ತಲಿಲ್ಲ. ಕಂಪನಿಯ ದಿನನಿತ್ಯದ ಆಡಳಿತ ಮಿನಿಯಾಪೊಲಿಸ್ ಕಡೆಯಿಂದಲೇ ಮುಂದುವರಿಯಿತು. ಷೇರುಗಳ ವಹಿವಾಟು ನ್ಯೂಯಾರ್ಕಿನಲ್ಲೇ ಉಳಿಯಿತು. ಬದಲಾದದ್ದು ಒಂದೇ. ಇಡೀ ಗುಂಪಿನ ತಲೆಯ ಮೇಲೆ ಕೂತಿರುವ ಕಂಪನಿಯ ನೋಂದಣಿ ಈಗ ಐರ್ಲೆಂಡಿನಲ್ಲಿದೆ. ಷೇರುದಾರರ ವಾರ್ಷಿಕ ಸಭೆ ಅಲ್ಲಿ ನಡೆಯುತ್ತದೆ. ಅಷ್ಟೇ.

ಇಂಥ ಸುದ್ದಿಯನ್ನು ಮೊದಲ ಸಲ ಓದಿದಾಗ ನಾನೂ ತಪ್ಪು ತಿಳಿದಿದ್ದೆ. ಆಗ ಕಂಪನಿಗಳ ಲಾಭಕ್ಕೆ ಅಮೆರಿಕದಲ್ಲಿ ತೆರಿಗೆ 35%, ಐರ್ಲೆಂಡಿನಲ್ಲಿ 12.5%. ಹಾಗಾಗಿ ಐರ್ಲೆಂಡಿಗೆ ಹೋದರೆ 35ರ ಬದಲು 12.5 ಕಟ್ಟಿದರಾಯಿತು ಅಂದುಕೊಂಡಿದ್ದೆ. ಹಾಗಿಲ್ಲ. ಅಮೆರಿಕದ ಆಸ್ಪತ್ರೆಗೆ ಪೇಸ್‌ಮೇಕರ್ ಮಾರಿ ಬಂದ ಲಾಭಕ್ಕೆ ಅಮೆರಿಕದ ತೆರಿಗೆ ತಪ್ಪುವುದಿಲ್ಲ. ಮಾರುವ ಕಂಪನಿಯ ತಾಯಿ ಎಲ್ಲೇ ಇರಲಿ, ಆ ಲಾಭ ಹುಟ್ಟಿದ್ದು ಅಮೆರಿಕದ ನೆಲದಲ್ಲಿ. ಹಾಗಾದರೆ ವಕೀಲರಿಗೂ ಬ್ಯಾಂಕರುಗಳಿಗೂ ಕೋಟಿ ಕೋಟಿ ಸುರಿದು, ರಾಜಕಾರಣಿಗಳ ಬಾಯಲ್ಲಿ ದೇಶದ್ರೋಹಿ ಅನ್ನಿಸಿಕೊಂಡು ಇಷ್ಟೆಲ್ಲ ಯಾಕೆ ಮಾಡಬೇಕು? ಉತ್ತರ ಸಿಗಬೇಕಾದರೆ ಕಂಪನಿಗೆ ‘ಊರು’ ಅಂತ ಒಂದು ಇರುತ್ತದೆಯೇ ಅನ್ನುವುದರಿಂದ ಶುರುಮಾಡಬೇಕು.

ಕಂಪನಿಯ ಊರು ಯಾವುದು?

ಮನುಷ್ಯರ ವಿಷಯದಲ್ಲಿ ಇದು ಸುಲಭ. ಎಲ್ಲಿ ಮಲಗಿ ಏಳುತ್ತೀರೋ ಅದೇ ಊರು. ಕಂಪನಿ ಮಲಗುವುದಿಲ್ಲ. ಅದಕ್ಕೆ ಊರು ಯಾವುದು ಅಂತ ಕಾನೂನೇ ಹೇಳಬೇಕು. ಒಂದೊಂದು ದೇಶದ ಕಾನೂನು ಒಂದೊಂದು ಥರ ಹೇಳುತ್ತದೆ.

ಅಮೆರಿಕದ ಕಾನೂನು ನೋಂದಣಿಯನ್ನು ನೋಡುತ್ತದೆ. ಅಮೆರಿಕದ ಯಾವುದಾದರೂ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಅದು ಅಮೆರಿಕದ ಕಂಪನಿ. ಅಧ್ಯಕ್ಷರು ಎಲ್ಲಿ ಕೂರುತ್ತಾರೆ, ಕಾರ್ಖಾನೆ ಎಲ್ಲಿದೆ, ಗಿರಾಕಿಗಳು ಯಾರು ಅನ್ನುವುದು ಈ ಪ್ರಶ್ನೆಗೆ ಸಂಬಂಧವೇ ಇಲ್ಲ. ಬ್ರಿಟನ್ನಿನ ಹಳೆಯ ಕಟ್ಟಳೆ ಬೇರೆ. ಕಂಪನಿಯ ದೊಡ್ಡ ತೀರ್ಮಾನಗಳು ಎಲ್ಲಿ ಆಗುತ್ತವೆ, ಅಂದರೆ ಅದರ ತಲೆ ಎಲ್ಲಿದೆ ಅಂತ ಅದು ನೋಡುತ್ತದೆ. ಐರ್ಲೆಂಡೂ ಆ ದಾರಿಯನ್ನೇ ಹಿಡಿದಿತ್ತು.

ಈ ಎರಡು ಕಟ್ಟಳೆಗಳ ನಡುವೆ ಸಂದಿಯೊಂದಿತ್ತು. ಆಪಲ್ ಆ ಸಂದಿಯಲ್ಲೇ ನಿಂತಿತ್ತು. ಅದರ ಕೆಲವು ಅಂಗಸಂಸ್ಥೆಗಳ ನೋಂದಣಿ ಐರ್ಲೆಂಡಿನಲ್ಲಿ, ಆಡಳಿತ ಅಮೆರಿಕದಿಂದ. ನೋಂದಣಿ ನಮ್ಮಲ್ಲಿಲ್ಲ ಅಂತ ಅಮೆರಿಕ ಬಿಟ್ಟಿತು. ಆಡಳಿತ ನಮ್ಮಲ್ಲಿಲ್ಲ ಅಂತ ಐರ್ಲೆಂಡ್ ಬಿಟ್ಟಿತು. ತೆರಿಗೆಯ ಲೆಕ್ಕದಲ್ಲಿ ಅವು ಯಾವ ದೇಶಕ್ಕೂ ಸೇರಿರಲಿಲ್ಲ! 2013ರಲ್ಲಿ ಅಮೆರಿಕದ ಸೆನೆಟ್ ಸಮಿತಿ ವಿಚಾರಣೆ ನಡೆಸಿದಾಗ ಇದು ಜಗತ್ತಿಗೆ ಗೊತ್ತಾಯಿತು. 2016ರಲ್ಲಿ ಯುರೋಪಿಯನ್ ಕಮಿಷನ್, ಐರ್ಲೆಂಡ್ ಆಪಲ್‌ನಿಂದ 1,300 ಕೋಟಿ ಯೂರೋ ವಸೂಲು ಮಾಡಬೇಕು ಅಂತ ಆದೇಶಿಸಿತು. ದುಡ್ಡು ಬರುವುದಿದ್ದರೂ ಐರ್ಲೆಂಡ್ ಬೇಡ ಅಂತ ಕೋರ್ಟಿಗೆ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಯುರೋಪಿನ ಅತ್ಯುನ್ನತ ನ್ಯಾಯಾಲಯ ಕಮಿಷನ್ ಪರವಾಗಿ ತೀರ್ಪು ಕೊಟ್ಟಿತು.

ಆಪಲ್ ತನ್ನ ವಿಳಾಸ ಬದಲಿಸಲಿಲ್ಲ, ಇದು ಬೇರೆ ಆಟ. ಆದರೆ ಮುಂದಿನದೆಲ್ಲ ಅರ್ಥವಾಗಲು ಒಂದು ಮಾತು ಇಲ್ಲಿಂದ ನೆನಪಿರಲಿ. ಅಮೆರಿಕದ ಲೆಕ್ಕದಲ್ಲಿ ಕಂಪನಿಯ ರಾಷ್ಟ್ರೀಯತೆ ಒಂದು ಕಾಗದ. ಕಾಗದ ಬದಲಾದರೆ ರಾಷ್ಟ್ರೀಯತೆಯೂ ಬದಲಾಗುತ್ತದೆ.

ಮಗು ತಾಯಿಯಾಗುವ ಚಮತ್ಕಾರ

ಈ ಕೆಲಸವನ್ನು ಇಂಗ್ಲಿಷಿನಲ್ಲಿ ‘ಇನ್‌ವರ್ಷನ್’ ಅನ್ನುತ್ತಾರೆ, ಅಂದರೆ ತಲೆಕೆಳಗು ಮಾಡುವುದು. ಹೆಸರು ಸರಿಯಾಗಿಯೇ ಇದೆ. ಮೊದಲು ಹೀಗೆ ಮಾಡಿದ್ದು 1983ರಲ್ಲಿ ಮೆಕ್‌ಡರ್ಮಟ್. ಸಮುದ್ರದಲ್ಲಿ ತೈಲ ತೆಗೆಯುವ ಕಟ್ಟೆಗಳನ್ನು ಕಟ್ಟುತ್ತಿದ್ದ ನ್ಯೂ ಆರ್ಲಿಯನ್ಸ್‌ನ ಕಂಪನಿ ಅದು. ಅದಕ್ಕೆ ಪನಾಮಾದಲ್ಲಿ ಒಂದು ಅಂಗಸಂಸ್ಥೆ ಇತ್ತು. ನಿಮ್ಮ ಅಮೆರಿಕದ ಷೇರು ಕೊಡಿ, ಬದಲಿಗೆ ಪನಾಮಾ ಕಂಪನಿಯ ಷೇರು ತಗೊಳ್ಳಿ ಅಂತ ಷೇರುದಾರರಿಗೆ ಹೇಳಿದರು. ವಿನಿಮಯ ಮುಗಿಯುವ ಹೊತ್ತಿಗೆ ಕೆಳಗಿದ್ದ ಪನಾಮಾ ಕಂಪನಿ ಮೇಲೆ ಬಂದಿತ್ತು. ಮೇಲಿದ್ದ ಅಮೆರಿಕದ ಕಂಪನಿ ಅದರ ಕೆಳಗಾಯಿತು. ವಂಶವೃಕ್ಷದಲ್ಲಿ ಮಗು ತಾಯಿಯ ಜಾಗಕ್ಕೆ ಏರಿತು. ನ್ಯೂ ಆರ್ಲಿಯನ್ಸ್‌ನ ಕಚೇರಿಯಲ್ಲಿ ಯಾರ ಕುರ್ಚಿಯೂ ಅಲುಗಲಿಲ್ಲ.

ಲಾಭ ಎಲ್ಲಿಂದ ಬರುತ್ತದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಮೆರಿಕದ ಲಾಭಕ್ಕೆ ಅಮೆರಿಕದ ತೆರಿಗೆ ತಪ್ಪದಿದ್ದರೆ ಉಳಿತಾಯ ಎಲ್ಲಿ?

2017ರವರೆಗೆ ಅಮೆರಿಕದ ಪದ್ಧತಿ ಹೀಗಿತ್ತು. ಅಮೆರಿಕದ ಕಂಪನಿ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಅದರ ಲಾಭಕ್ಕೆ ಅಮೆರಿಕಕ್ಕೆ ಪಾಲು ಕೊಡಬೇಕು. ಐರ್ಲೆಂಡಿನಲ್ಲಿ 100 ಡಾಲರ್ ಲಾಭ ಬಂದು ಅಲ್ಲಿ 12.5 ಡಾಲರ್ ಕಟ್ಟಿದ್ದರೆ, ಅದನ್ನು ಕಳೆದು ಉಳಿದ 22.5 ಡಾಲರನ್ನು ಅಮೆರಿಕಕ್ಕೆ ಕಟ್ಟಬೇಕು. ಒಟ್ಟು ಮತ್ತೆ 35. ಬೇರೆ ಬಹುತೇಕ ಶ್ರೀಮಂತ ದೇಶಗಳು ಹೀಗೆ ಮಾಡುತ್ತಿರಲಿಲ್ಲ. ಹೊರದೇಶದಲ್ಲಿ ದುಡಿದು ಅಲ್ಲಿ ತೆರಿಗೆ ಕಟ್ಟಿದ ಮೇಲೆ ತಂಟೆಗೆ ಬರುತ್ತಿರಲಿಲ್ಲ.

ಆದರೆ ಅಮೆರಿಕದ ಪದ್ಧತಿಯಲ್ಲಿ ಒಂದು ವಿನಾಯಿತಿ ಇತ್ತು. ಹೊರಗಿನ ಅಂಗಸಂಸ್ಥೆ ದುಡಿದ ಲಾಭವನ್ನು ತಾಯ್ನಾಡಿಗೆ ತರುವವರೆಗೆ ಆ ಹೆಚ್ಚುವರಿ ತೆರಿಗೆ ಕಟ್ಟಬೇಕಿರಲಿಲ್ಲ. ತಂದರೆ ತಾನೇ ಕಟ್ಟುವುದು? ತರುವುದೇ ಬೇಡ ಅಂದುಕೊಂಡರು. ಹೀಗೆ ಹೊರದೇಶಗಳ ಲೆಕ್ಕದಲ್ಲಿ 2 ಲಕ್ಷ ಕೋಟಿ ಡಾಲರಿಗೂ ಜಾಸ್ತಿ ಲಾಭ ಜಮೆಯಾಯಿತು. ದುಡ್ಡು ಇದೆ, ಆದರೆ ಡಿವಿಡೆಂಡ್ ಕೊಡಲಾಗದು, ಅಮೆರಿಕದಲ್ಲಿ ಕಾರ್ಖಾನೆ ಕಟ್ಟಲಾಗದು. ಕನ್ನಡಿಯೊಳಗಿನ ಗಂಟು ಅಂತಾರಲ್ಲ, ಹಾಗೆ.

ವಿಳಾಸ ಬದಲಿಸಿದರೆ ಮೊದಲ ಲಾಭ ಇಲ್ಲೇ. ಮುಂದೆ ಹೊರದೇಶದಲ್ಲಿ ಬರುವ ಲಾಭವನ್ನು ಹೊಸ ಐರಿಶ್ ತಾಯಿಯ ಕೆಳಗೆ ನೇರವಾಗಿ ಇಟ್ಟುಕೊಳ್ಳಬಹುದು. ಅಮೆರಿಕದ ಕೈ ಅಲ್ಲಿಗೆ ಚಾಚುವುದಿಲ್ಲ.

ಎರಡನೆಯದು ಆ ಸಿಕ್ಕಿಹಾಕಿಕೊಂಡ ಗಂಟು. ಅಮೆರಿಕದ ಕಂಪನಿಗೆ ಸೇರಿದ ಜಪಾನ್ ಅಂಗಸಂಸ್ಥೆಯ ಬಳಿ ಹಳೆಯ ಲಾಭ ಕೂತಿದೆ ಅಂದುಕೊಳ್ಳಿ. ಅದನ್ನು ತನ್ನ ಅಮೆರಿಕದ ತಾಯಿಗೆ ಕೊಟ್ಟರೆ ತೆರಿಗೆ. ಸಾಲವಾಗಿ ಕೊಟ್ಟರೂ ತೆರಿಗೆ, ಆ ದಾರಿಯನ್ನು ಕಾನೂನು ಮೊದಲೇ ಮುಚ್ಚಿತ್ತು. ಆದರೆ ತಾಯಿಯನ್ನು ದಾಟಿ ಮೇಲಿರುವ ಐರಿಶ್ ಅಜ್ಜಿಗೆ ಸಾಲ ಕೊಟ್ಟರೆ? ಕಾನೂನು ಬರೆಯುವಾಗ ಅಜ್ಜಿ ಇರಲೇ ಇಲ್ಲ! ತೆರಿಗೆ ವಕೀಲರು ಇದಕ್ಕೆ ‘ಹಾಪ್‌ಸ್ಕಾಚ್ ಸಾಲ’ ಅಂತ ಹೆಸರಿಟ್ಟರು. ನಮ್ಮ ಕುಂಟೆಬಿಲ್ಲೆ ಆಟವೇ ಅದು. ಒಂದು ಮನೆಯನ್ನು ತುಳಿಯದೆ ಆಚೆ ಮನೆಗೆ ಹಾರುವುದು.

ಇವೆರಡಕ್ಕಿಂತ ಮೂರನೆಯದು ಬೇರೆ ಜಾತಿಯದು. ಮೊದಲೆರಡರಲ್ಲಿ ಕಂಪನಿ ಹೊರದೇಶದ ಲಾಭವನ್ನು ಕಾಪಾಡಿಕೊಳ್ಳುತ್ತದೆ. ಮೂರನೆಯದರಲ್ಲಿ ಅಮೆರಿಕದೊಳಗಿನ ಲಾಭವನ್ನೇ ಹೊರಗೆ ಸಾಗಿಸುತ್ತದೆ. ಸಾಧನ ತೀರಾ ಮಾಮೂಲಿ: ಬಡ್ಡಿ.

ಒಂದು ಲೆಕ್ಕ ನೋಡೋಣ. ಕೆಳಗಿರುವ ಅಮೆರಿಕದ ಕಂಪನಿ ಮೇಲಿರುವ ವಿದೇಶಿ ತಾಯಿಗೆ 100 ಕೋಟಿ ಡಾಲರಿನ ಸಾಲಪತ್ರ ಬರೆದುಕೊಡುತ್ತದೆ. ನಿಜವಾದ ದುಡ್ಡು ಬರಬೇಕು ಅಂತಲೂ ಇಲ್ಲ. ಡಿವಿಡೆಂಡ್ ಬದಲು ಪತ್ರ ಕೊಟ್ಟರೂ ಆಯಿತು. ಬಡ್ಡಿ ವರ್ಷಕ್ಕೆ 6% ಅಂದುಕೊಳ್ಳಿ, ಅಂದರೆ 6 ಕೋಟಿ ಡಾಲರ್. ಅಮೆರಿಕದ ಕಂಪನಿಗೆ ಬಡ್ಡಿ ಒಂದು ಖರ್ಚು. ಅಷ್ಟು ಲಾಭ ಕಡಿಮೆಯಾಯಿತು. 35% ಲೆಕ್ಕದಲ್ಲಿ 2.1 ಕೋಟಿ ಡಾಲರ್ ತೆರಿಗೆ ಉಳಿಯಿತು. ಆ ಬಡ್ಡಿ ಹೋಗಿ ಸೇರುವ ದೇಶದಲ್ಲಿ ತೆರಿಗೆ 10% ಇದ್ದರೆ ಅಲ್ಲಿ 60 ಲಕ್ಷ ಕಟ್ಟಬೇಕು. ಉಳಿದದ್ದು ಒಂದೂವರೆ ಕೋಟಿ. ಪ್ರತಿ ವರ್ಷ. ಯಾವ ಹೊಸ ಸರಕನ್ನೂ ಮಾಡದೆ, ಯಾರಿಗೂ ಏನನ್ನೂ ಮಾರದೆ! ಬಲಗೈ ಎಡಗೈಗೆ ಸಾಲ ಕೊಟ್ಟು ಬಡ್ಡಿ ವಸೂಲು ಮಾಡಿದಂತೆ.

ಇದನ್ನು ವಿಳಾಸ ಬದಲಿಸದೆಯೇ ಮಾಡಬಹುದಿತ್ತಲ್ವಾ ಅನ್ನಿಸಬಹುದು. ಆಗುತ್ತಿರಲಿಲ್ಲ. ತಾಯಿ ಅಮೆರಿಕದಲ್ಲಿದ್ದು, ಹೊರಗಿನ ಮಗುವಿಗೆ ಬಡ್ಡಿ ಕಟ್ಟಿದರೆ, ಆ ಬಡ್ಡಿಯನ್ನು ಅದೇ ವರ್ಷ ಅಮೆರಿಕದ ಆದಾಯಕ್ಕೆ ಸೇರಿಸುವ ನಿಯಮ 1960ರ ದಶಕದಿಂದಲೂ ಇದೆ. ಸಾಲ ಕೊಟ್ಟವರು ಕೆಳಗಿದ್ದರೆ ಸಿಕ್ಕಿಬೀಳುತ್ತಾರೆ. ಮೇಲಿದ್ದರೆ ಇಲ್ಲ. ವಂಶವೃಕ್ಷ ತಲೆಕೆಳಗು ಮಾಡಿದ್ದರ ನಿಜವಾದ ಬೆಲೆ ಇಲ್ಲಿದೆ. ತೆರಿಗೆ ದರದ ವ್ಯತ್ಯಾಸ ಪತ್ರಿಕೆಗಳ ತಲೆಬರಹಕ್ಕೆ ಸಾಕು. ಲೆಕ್ಕಿಗರು ಕಣ್ಣಿಟ್ಟದ್ದು ಈ ಬಡ್ಡಿಯ ಮೇಲೆ.

ಔಷಧ ಕಂಪನಿಗಳೇ ಇದರಲ್ಲಿ ಮುಂದಿದ್ದದ್ದು ಆಶ್ಚರ್ಯವಲ್ಲ. ಅವರ ಆಸ್ತಿಯ ದೊಡ್ಡ ಪಾಲು ಪೇಟೆಂಟ್. ಗಣಿಯನ್ನೋ ರೈಲು ಹಳಿಯನ್ನೋ ಹೊತ್ತುಕೊಂಡು ಹೋಗಲಾಗದು. ಪೇಟೆಂಟನ್ನು ಒಂದು ಒಪ್ಪಂದದ ಮೂಲಕ ಇನ್ನೊಂದು ದೇಶಕ್ಕೆ ಬರೆದುಕೊಟ್ಟರೆ ಸಾಕು, ಅದರ ರಾಯಧನ ಅಲ್ಲಿಗೆ ಹರಿಯುತ್ತದೆ.

ಚಾಪೆ ಕೆಳಗೆ, ರಂಗೋಲಿ ಕೆಳಗೆ

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಮಾತು ಅಮೆರಿಕದ ಖಜಾನೆ ಇಲಾಖೆಯವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಮೂವತ್ತು ವರ್ಷ ಅವರು ಆಡಿದ್ದು ಇದೇ ಆಟ.

ಮೆಕ್‌ಡರ್ಮಟ್ ಹೋದ ಮರುವರ್ಷವೇ ಆ ದಾರಿ ಮುಚ್ಚಲು ಕಾನೂನು ಬಂತು. 1994ರಲ್ಲಿ ಹೇರ್ ಡ್ರೈಯರ್ ಮಾರುವ ಟೆಕ್ಸಸ್‌ನ ಹೆಲನ್ ಆಫ್ ಟ್ರಾಯ್ ಕಂಪನಿ ಬೇರೆ ದಾರಿಯಲ್ಲಿ ಬರ್ಮುಡಾಕ್ಕೆ ಹೋಯಿತು. ಇಲಾಖೆ ಈ ಸಲ ಷೇರುದಾರರನ್ನು ಹಿಡಿಯಿತು. ಹೀಗೆ ಷೇರು ಬದಲಿಸಿಕೊಳ್ಳುವುದನ್ನು ಮಾರಾಟ ಅಂತಲೇ ಎಣಿಸಿ, ಅದರ ಲಾಭಕ್ಕೆ ಅವರೇ ತೆರಿಗೆ ಕಟ್ಟಬೇಕು ಅಂದಿತು. ಷೇರುದಾರರು ಸಿಟ್ಟಾದರೆ ಕಂಪನಿ ಹೋಗಲಾರದು ಅನ್ನುವುದು ಲೆಕ್ಕ. ಲೆಕ್ಕ ತಪ್ಪಿತು. ಷೇರು ಬೆಲೆ ಬಿದ್ದಿದ್ದಾಗ ಲಾಭವೇ ಇರುವುದಿಲ್ಲ, ಹಾಗಾಗಿ ತೆರಿಗೆಯೂ ಇಲ್ಲ. 2001–02ರಲ್ಲಿ ಮಾರುಕಟ್ಟೆ ಬಿದ್ದಾಗ ಇಂಗರ್‌ಸಾಲ್ ರ‍್ಯಾಂಡ್, ಕೂಪರ್ ಇಂಡಸ್ಟ್ರೀಸ್ ಒಂದರ ಹಿಂದೆ ಒಂದು ಬರ್ಮುಡಾಕ್ಕೆ ಹೋದವು.

ಅದೇ ಹೊತ್ತಿಗೆ ಸ್ಟ್ಯಾನ್ಲಿ ವರ್ಕ್ಸ್ ಸಿಕ್ಕಿಬಿತ್ತು. ಸುತ್ತಿಗೆ, ಅಳತೆ ಟೇಪು ಮಾಡುವ, ಕನೆಕ್ಟಿಕಟ್‌ನಲ್ಲಿ 1843ರಿಂದ ಇದ್ದ ಕಂಪನಿ. ವರ್ಷಕ್ಕೆ ಸುಮಾರು 3 ಕೋಟಿ ಡಾಲರ್ ಉಳಿಯುತ್ತದೆ ಅಂತ ಬರ್ಮುಡಾಕ್ಕೆ ಹೊರಟಿತು. 2001ರ ಸೆಪ್ಟೆಂಬರ್ 11ರ ದಾಳಿ ನಡೆದು ವರ್ಷವೂ ಆಗಿರಲಿಲ್ಲ. ದೇಶಪ್ರೇಮ ಉಕ್ಕುತ್ತಿದ್ದ ಕಾಲ. ಕಾರ್ಮಿಕ ಸಂಘಗಳು, ರಾಜಕಾರಣಿಗಳು ಎಲ್ಲರೂ ಮೇಲೆ ಬಿದ್ದರು. 2002ರ ಆಗಸ್ಟ್‌ನಲ್ಲಿ ಕಂಪನಿ ಯೋಜನೆ ಕೈಬಿಟ್ಟಿತು. ಕಾನೂನು ತಡೆಯಲಾರದ್ದನ್ನು ನಾಚಿಕೆ ತಡೆದ ಅಪರೂಪದ ಪ್ರಸಂಗ ಇದು.

2004ರಲ್ಲಿ ಗಟ್ಟಿ ಕಾನೂನು ಬಂತು. ಇದರ ತಿರುಳು ಎರಡು ಸಂಖ್ಯೆಗಳಲ್ಲಿದೆ. ಹೊಸ ವಿದೇಶಿ ತಾಯಿಯಲ್ಲಿ ಹಳೆಯ ಅಮೆರಿಕನ್ ಕಂಪನಿಯ ಷೇರುದಾರರ ಪಾಲು 80% ಅಥವಾ ಜಾಸ್ತಿ ಇದ್ದರೆ, ನೀವು ಎಲ್ಲೂ ಹೋಗಿಲ್ಲ. ಕಾಗದ ಏನೇ ಹೇಳಲಿ, ತೆರಿಗೆಗೆ ನೀವು ಅಮೆರಿಕದವರೇ. ಪಾಲು 60ರಿಂದ 80ರ ನಡುವೆ ಇದ್ದರೆ ಹೋಗಬಹುದು, ಆದರೆ ಹತ್ತು ವರ್ಷ ಕೆಲವು ನಿರ್ಬಂಧಗಳಿರುತ್ತವೆ. 60ಕ್ಕಿಂತ ಕಡಿಮೆಯಿದ್ದರೆ ಕಾನೂನು ತಲೆ ಕೆಡಿಸಿಕೊಳ್ಳುವುದಿಲ್ಲ. ಹೋಗುವ ದೇಶದಲ್ಲಿ ನಿಜವಾದ ವ್ಯವಹಾರ ಇದ್ದರೆ ಇದ್ಯಾವುದೂ ಅನ್ವಯಿಸದು ಅಂತ ಒಂದು ಬಾಗಿಲೂ ಇತ್ತು. ನಿಮ್ಮ ನೌಕರರು, ಆಸ್ತಿ, ಆದಾಯ ಪ್ರತಿಯೊಂದರಲ್ಲೂ 25% ಅಲ್ಲೇ ಇರಬೇಕು ಅಂತ 2012ರಲ್ಲಿ ಆ ಬಾಗಿಲನ್ನು ಕಿರಿದು ಮಾಡಿದರು.

ಸುಮ್ನೆ ಒಬ್ಬರೇ ಬರ್ಮುಡಾಕ್ಕೆ ಹೋಗುವ ಕಾಲ ಮುಗಿಯಿತು. ಈಗ ಸಂಬಂಧ ಹುಡುಕಬೇಕು. ಹೊಸ ಕಂಪನಿಯಲ್ಲಿ ಹೊರಗಿನವರ ಪಾಲು 20%ಗಿಂತ ಜಾಸ್ತಿ ಇರಬೇಕಾದರೆ, ನಿಮ್ಮ ಗಾತ್ರದ ಕಾಲು ಭಾಗಕ್ಕಿಂತ ದೊಡ್ಡದಾದ ವಿದೇಶಿ ಕಂಪನಿ ಬೇಕು. ಆದರೆ ಯಜಮಾನಿಕೆ ನಿಮ್ಮ ಕೈಯಲ್ಲೇ ಉಳಿಯುವಷ್ಟು ಚಿಕ್ಕದೂ ಆಗಿರಬೇಕು. ಒಳ್ಳೆಯ ದೇಶದ್ದೂ ಆಗಿರಬೇಕು. ಇಂಥ ವರಗಳಿಗೆ ಐರ್ಲೆಂಡಿನಲ್ಲಿ ಭಾರಿ ಬೇಡಿಕೆ ಬಂತು. 2012ರಲ್ಲಿ ಓಹಾಯೊದ ಈಟನ್ ಕಂಪನಿ ಕೂಪರ್ ಇಂಡಸ್ಟ್ರೀಸನ್ನು ಕೊಂಡು ಐರಿಶ್ ಆಯಿತು. ಮರುವರ್ಷ ಮಿಶಿಗನ್‌ನ ಪೆರಿಗೊ ಹಾಗೆಯೇ ಐರ್ಲೆಂಡಿನ ಎಲಾನ್ ಜೊತೆ ಸೇರಿತು. 2014ರಲ್ಲಿ ಬರ್ಗರ್ ಕಿಂಗ್, ಕೆನಡಾದ ಕಾಫಿ ಸರಣಿ ಟಿಮ್ ಹಾರ್ಟನ್ಸ್ ಜೊತೆ ಸೇರಿ ಕೆನಡಾದ್ದಾಯಿತು. ತೆರಿಗೆಗಾಗಿ ಅಲ್ಲ ಅಂತ ಅವರು ಹೇಳಿದರು.

ಮೊದಲು ಹೇಳಿದ ಮೆಡ್‌ಟ್ರಾನಿಕ್ ಕೊಂಡದ್ದು ಕೊವಿಡಿಯನ್ ಅನ್ನುವ ‘ಐರಿಶ್’ ಕಂಪನಿಯನ್ನು. ಘೋಷಿಸಿದಾಗ ಬೆಲೆ 4,290 ಕೋಟಿ ಡಾಲರ್. ಈ ಐರಿಶ್ ಕಂಪನಿಯ ಜಾತಕ ನೋಡಿ. ಅದು ಟೈಕೊ ಎಂಬ ಅಮೆರಿಕದ ಕಂಪನಿಯ ಭಾಗ. ಟೈಕೊ 1997ರಲ್ಲಿ ಬರ್ಮುಡಾಕ್ಕೆ ವಿಳಾಸ ಬದಲಿಸಿತು. 2007ರಲ್ಲಿ ಅದರಿಂದ ಒಡೆದು ಕೊವಿಡಿಯನ್ ಹುಟ್ಟಿತು. 2009ರಲ್ಲಿ ಬರ್ಮುಡಾದಿಂದ ಐರ್ಲೆಂಡಿಗೆ ಬಂತು. ಇಷ್ಟರ ನಡುವೆ ಅದನ್ನು ನಡೆಸುತ್ತಿದ್ದದ್ದು ಮ್ಯಾಸಚೂಸೆಟ್ಸ್‌ನಿಂದ. ಈಟನ್ ಕೊಂಡ ಕೂಪರ್ ಕೂಡ ಹೂಸ್ಟನ್‌ನ ಕಂಪನಿಯೇ, ಮೊದಲ ಸುತ್ತಿನಲ್ಲಿ ಬರ್ಮುಡಾಕ್ಕೆ ಹೋಗಿತ್ತಲ್ಲ, ಅದೇ; ಆಮೇಲೆ ಅದೂ ಐರ್ಲೆಂಡಿಗೆ ಬಂದಿತ್ತು. ಅಂದರೆ ಅಮೆರಿಕ ಬಿಡಲು ಒಂದು ಅಮೆರಿಕನ್ ಕಂಪನಿ, ಮೊದಲೇ ಬಿಟ್ಟುಹೋಗಿದ್ದ ಇನ್ನೊಂದು ಅಮೆರಿಕನ್ ಕಂಪನಿಯ ಕೈ ಹಿಡಿಯಿತು.

ಈ ಮದುವೆಗಳಲ್ಲಿ ಖರ್ಚು ಯಾರದ್ದು ಅನ್ನುವುದೂ ಸ್ವಾರಸ್ಯ. ಮೆಡ್‌ಟ್ರಾನಿಕ್‌ನ ಅಮೆರಿಕದ ಷೇರುದಾರರು, ಒಂದು ಷೇರನ್ನೂ ಮಾರದಿದ್ದರೂ, ಷೇರು ಬದಲಾಯಿಸಿದ್ದಕ್ಕೆ ತೆರಿಗೆ ಕಟ್ಟಬೇಕಾಯಿತು. ದಶಕಗಳ ಹಿಂದೆ ಅಗ್ಗಕ್ಕೆ ಕೊಂಡು ಇಟ್ಟುಕೊಂಡ ಹಳಬರಿಗೆ ಬಿಸಿ ತಟ್ಟಿತು. ದೊಡ್ಡ ಅಧಿಕಾರಿಗಳ ಷೇರು ಸಂಭಾವನೆಗೂ 15% ವಿಶೇಷ ತೆರಿಗೆ ಇತ್ತು. ಆದರೆ ಅವರ ತೆರಿಗೆಯನ್ನು ಕಂಪನಿಯೇ ತುಂಬಿಕೊಡಲು ಒಪ್ಪಿತು. ಷೇರುದಾರರಲ್ಲಿ ಕೆಲವರು ಕೋರ್ಟಿಗೆ ಹೋದರು. ಯಾಕೆ ಹೋಗಬಾರದು?

ನಂತರ ಬಂದದ್ದು ಎಲ್ಲಕ್ಕಿಂತ ದೊಡ್ಡದು. ನ್ಯೂಯಾರ್ಕಿನ ಫೈಜರ್ ಕಂಪನಿ 2014ರಲ್ಲಿ ಬ್ರಿಟನ್ನಿನ ಆಸ್ಟ್ರಾಜೆನೆಕಾವನ್ನು ಕೊಳ್ಳಲು ನೋಡಿತು, ಅವರು ಒಪ್ಪಲಿಲ್ಲ. 2015ರ ನವೆಂಬರಿನಲ್ಲಿ ಡಬ್ಲಿನ್‌ನ ಅಲರ್ಗನ್ ಜೊತೆ 16,000 ಕೋಟಿ ಡಾಲರಿನ ಒಪ್ಪಂದ ಘೋಷಿಸಿತು. ಕಾಗದದ ಮೇಲೆ ಚಿಕ್ಕದಾದ ಅಲರ್ಗನ್ನೇ ದೊಡ್ಡ ಫೈಜರನ್ನು ಕೊಳ್ಳುತ್ತದೆ, ಆಮೇಲೆ ತನ್ನ ಹೆಸರನ್ನು ಫೈಜರ್ ಅಂತ ಬದಲಿಸಿಕೊಳ್ಳುತ್ತದೆ. ಹಳೆಯ ಫೈಜರ್ ಷೇರುದಾರರ ಪಾಲು 56%. 60ರ ಗೆರೆಯಿಂದ ನಾಲ್ಕು ಹೆಜ್ಜೆ ಕೆಳಗೆ. ಇದು ಆಕಸ್ಮಿಕ ಅಂತ ನಂಬುವುದು ಕಷ್ಟ.

2016ರ ಏಪ್ರಿಲ್ 4ರಂದು ಖಜಾನೆ ಇಲಾಖೆ ಹೊಸ ನಿಯಮ ಹೊರಡಿಸಿತು. ವಿದೇಶಿ ಕಂಪನಿಯ ಗಾತ್ರ ಅಳೆಯುವಾಗ, ಹಿಂದಿನ ಮೂರು ವರ್ಷಗಳಲ್ಲಿ ಅದು ಅಮೆರಿಕನ್ ಕಂಪನಿಗಳನ್ನು ನುಂಗಿ ಬೆಳೆದ ಭಾಗವನ್ನು ಎಣಿಸಬಾರದು. ಅಲರ್ಗನ್ ಬೆಳೆದದ್ದೇ ಹಾಗೆ. ಅದು ಮೂಲದಲ್ಲಿ ನ್ಯೂಜೆರ್ಸಿಯ ಆಕ್ಟಾವಿಸ್. 2013ರಲ್ಲಿ ವಾರ್ನರ್ ಚಿಲ್ಕಾಟ್ ಮೂಲಕ ಐರಿಶ್ ಆಯಿತು. ಆಮೇಲೆ ಫಾರೆಸ್ಟ್ ಲ್ಯಾಬೊರೇಟರೀಸನ್ನು ಕೊಂಡಿತು, ಕ್ಯಾಲಿಫೋರ್ನಿಯಾದ ಅಲರ್ಗನ್ನನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಅದನ್ನೆಲ್ಲ ಕಳೆದರೆ ವರ ತೀರಾ ಕುಳ್ಳ. ಎರಡು ದಿನದಲ್ಲಿ ಮದುವೆ ಮುರಿಯಿತು. ಖರ್ಚಿನ ಬಾಬ್ತು ಫೈಜರ್ 15 ಕೋಟಿ ಡಾಲರ್ ಕೊಟ್ಟು ಕೈತೊಳೆದುಕೊಂಡಿತು. ಅದಕ್ಕೆ ಮೊದಲೇ, 2014ರಲ್ಲಿ ಹಾಪ್‌ಸ್ಕಾಚ್ ಸಾಲಕ್ಕೆ ಇಲಾಖೆ ಬೇಲಿ ಹಾಕಿದಾಗ ಆಬ್‌ವಿ ಕಂಪನಿ ಶೈರ್ ಜೊತೆಗಿನ ಒಪ್ಪಂದ ಬಿಟ್ಟು, 160 ಕೋಟಿ ಡಾಲರಿಗೂ ಜಾಸ್ತಿ ದಂಡ ತೆತ್ತಿತ್ತು. ಮದುವೆಗೆ ಕಾರಣ ತೆರಿಗೆಯಲ್ಲ, ವ್ಯಾಪಾರದ ಹೊಂದಾಣಿಕೆ ಅಂತ ಹೇಳುತ್ತಿದ್ದವರು ತೆರಿಗೆಯ ನಿಯಮ ಬದಲಾದ ಕೂಡಲೇ ಮಂಟಪ ಬಿಟ್ಟು ಎದ್ದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಬಂದವರ ಮನೆಯಲ್ಲಿ ಏನಾಯಿತು?

ಐರ್ಲೆಂಡಿನ ಕಥೆಯನ್ನು ಬಿಡುವಂತಿಲ್ಲ. 2016ರ ಜುಲೈಯಲ್ಲಿ ಅಲ್ಲಿನ ಅಂಕಿಅಂಶ ಇಲಾಖೆ ಒಂದು ಸುದ್ದಿ ಕೊಟ್ಟಿತು. 2015ರಲ್ಲಿ ದೇಶದ ಜಿಡಿಪಿ 26% ಬೆಳೆದಿದೆ! ಯಾವ ಶ್ರೀಮಂತ ದೇಶವೂ ಒಂದೇ ವರ್ಷದಲ್ಲಿ ಹಾಗೆ ಬೆಳೆಯುವುದಿಲ್ಲ. ಐರಿಶ್ ಜನರಿಗೆ ತಮ್ಮ ಜೇಬು ಕಾಲು ಪಾಲು ದಪ್ಪವಾದದ್ದು ಗೊತ್ತೇ ಆಗಿರಲಿಲ್ಲ. ಆದದ್ದು ಇಷ್ಟು: ದೊಡ್ಡ ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಐರ್ಲೆಂಡಿನ ಲೆಕ್ಕಕ್ಕೆ ಬರೆದವು, ವಿಳಾಸ ಬದಲಿಸಿದ ಕಂಪನಿಗಳೂ ವಿಮಾನ ಬಾಡಿಗೆ ಕೊಡುವ ಕಂಪನಿಗಳೂ ಜೊತೆಗೆ ಸೇರಿದವು. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಇದನ್ನು ‘ಲೆಪ್ರಕಾನ್ ಅರ್ಥಶಾಸ್ತ್ರ’ ಅಂತ ಗೇಲಿ ಮಾಡಿದರು. ಲೆಪ್ರಕಾನ್ ಅಂದರೆ ಐರಿಶ್ ಜಾನಪದದಲ್ಲಿ ಚಿನ್ನದ ಕೊಪ್ಪರಿಗೆ ಬಚ್ಚಿಡುವ ಕುಳ್ಳ. ಕೊನೆಗೆ ಐರ್ಲೆಂಡ್ ತನ್ನ ಆರ್ಥಿಕತೆಯನ್ನು ತಾನೇ ತಿಳಿದುಕೊಳ್ಳಲು ಇಂಥ ವಿಳಾಸದ ಲಾಭವನ್ನು ಬಿಟ್ಟು ಲೆಕ್ಕ ಹಾಕುವ ಬೇರೆ ಅಳತೆಗೋಲನ್ನೇ ಮಾಡಿಕೊಳ್ಳಬೇಕಾಯಿತು.

ಬೇಲಿ ಕಟ್ಟಬೇಕೇ, ಮನೆ ರಿಪೇರಿ ಮಾಡಬೇಕೇ?

ಬ್ರಿಟನ್ನಿಗೂ ಇದೇ ತಲೆನೋವು ಬಂದಿತ್ತು. 2008ರಲ್ಲಿ ಜಾಹೀರಾತು ಕಂಪನಿ ಡಬ್ಲ್ಯುಪಿಪಿ, ಔಷಧ ಕಂಪನಿ ಶೈರ್ ಐರ್ಲೆಂಡಿನ ಕಡೆ ಹೊರಟವು. ಬ್ರಿಟನ್ 2009ರಲ್ಲಿ ಹೊರದೇಶದ ಲಾಭದ ಮೇಲಿನ ತೆರಿಗೆಯನ್ನು ಬಹುಮಟ್ಟಿಗೆ ಬಿಟ್ಟಿತು, ದರವನ್ನೂ ವರ್ಷ ವರ್ಷ ಇಳಿಸಿತು. 2013ರ ಹೊತ್ತಿಗೆ ಡಬ್ಲ್ಯುಪಿಪಿ ವಾಪಸ್ ಬಂತು.

ಅಮೆರಿಕ ಅದೇ ದಾರಿಗೆ ಬಂದದ್ದು 2017ರ ಕೊನೆಯಲ್ಲಿ. ದರ 35ರಿಂದ 21ಕ್ಕೆ ಇಳಿಯಿತು. ಹೊರಗಿನ ಲಾಭವನ್ನು ಡಿವಿಡೆಂಡ್ ಆಗಿ ತಂದರೆ ಬಹುತೇಕ ತೆರಿಗೆ ಇಲ್ಲ ಅಂತಾಯಿತು. ಹೊರಗೆ ಕೂತಿದ್ದ ಹಳೆಯ ಗಂಟಿಗೆ ಒಂದೇ ಸಲದ ತೆರಿಗೆ ಹಾಕಿದರು: ನಗದಾಗಿದ್ದರೆ 15.5%, ಬೇರೆ ರೂಪದಲ್ಲಿದ್ದರೆ 8%. ಆದರೆ ಒಂದು ಕೊಕ್ಕೆ ಇಟ್ಟರು. ಈ ರಿಯಾಯಿತಿ ತಗೊಂಡು ಹತ್ತು ವರ್ಷದೊಳಗೆ ದೇಶ ಬಿಟ್ಟರೆ ಆ ಹಳೆಯ ಗಂಟಿಗೆ ಪೂರ್ತಿ 35% ಕಟ್ಟಬೇಕು. ಬಡ್ಡಿಯ ಆಟಕ್ಕೂ ಮಿತಿ ಬಿಗಿಯಾಯಿತು. ದೊಡ್ಡ ಕಂಪನಿಗಳು ವಿಳಾಸ ಬದಲಿಸುವುದು ಅಲ್ಲಿಗೆ ಹೆಚ್ಚುಕಡಿಮೆ ನಿಂತಿತು.

ಹಾಗಂತ ದರ ಇಳಿಸಿದ್ದೇ ಮದ್ದು ಅಂತ ಹೇಳುವವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಫೈಜರ್ ನಿಂತದ್ದು 2016ರಲ್ಲಿ, ದರ 35 ಇರುವಾಗಲೇ. ಬೇಲಿಯೂ ಕೆಲಸ ಮಾಡಿತು. ಇನ್ನೊಂದು ವಿಷಯ: ವಿಳಾಸ ಬದಲಾವಣೆಯಿಂದ ಮುಂದಿನ ಹತ್ತು ವರ್ಷಗಳಲ್ಲಿ ಅಮೆರಿಕಕ್ಕೆ ಆಗುವ ನಷ್ಟ ಸುಮಾರು 1,950 ಕೋಟಿ ಡಾಲರ್ ಅಂತ 2014ರಲ್ಲಿ ಅಲ್ಲಿನ ಸಂಸತ್ತಿನ ತೆರಿಗೆ ಸಮಿತಿ ಅಂದಾಜು ಮಾಡಿತ್ತು. ದೊಡ್ಡ ಮೊತ್ತವೇ. ಆದರೆ ವಿಳಾಸ ಬದಲಿಸದೆ, ಅಮೆರಿಕದ ಬಾವುಟದ ಕೆಳಗೇ ಕೂತು ಪೇಟೆಂಟುಗಳ ಮೂಲಕ ಲಾಭ ಸಾಗಿಸುವ ಕಂಪನಿಗಳಿಂದ ಆಗುವ ನಷ್ಟದ ಮುಂದೆ ಇದು ಚಿಕ್ಕದು. ಮನೆ ಬಿಟ್ಟು ಹೋದವರ ಮೇಲೆ ಊರೆಲ್ಲ ಕೂಗಾಡಿತು. ಮನೆಯಲ್ಲೇ ಇದ್ದು ಹಿತ್ತಲ ಬಾಗಿಲಿನಿಂದ ಸಾಗಿಸುತ್ತಿದ್ದವರು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಹೋಗುವವರನ್ನು ಬಾಗಿಲಲ್ಲೇ ತಡೆದು ಇಲ್ಲಿಯವರೆಗೆ ಬೆಳೆದ ಮೌಲ್ಯಕ್ಕೆ ತೆರಿಗೆ ಕಟ್ಟಿ ಹೋಗಿ ಅನ್ನುವ ದಾರಿಯೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಇಂಥ ನಿರ್ಗಮನ ತೆರಿಗೆ 2020ರಿಂದ ಕಡ್ಡಾಯ. ನೆದರ್‌ಲೆಂಡ್ಸ್‌ನಲ್ಲಿ ಇನ್ನೂ ಕಠಿಣವಾದ ಮಸೂದೆ ತರಬೇಕು ಅಂತ ವಿರೋಧ ಪಕ್ಷದವರು ಹೊರಟರು. ಆದರೂ ಯುನಿಲಿವರ್ 2020ರಲ್ಲಿ, ನೆದರ್‌ಲೆಂಡ್ಸ್‌ನಲ್ಲೊಂದು ಬ್ರಿಟನ್ನಿನಲ್ಲೊಂದು ಇದ್ದ ತನ್ನ ಎರಡು ತಲೆಗಳನ್ನು ಒಂದು ಮಾಡಿ ಲಂಡನ್ನಿನಲ್ಲಿಟ್ಟಿತು. ಶೆಲ್ ಕಂಪನಿ 2021ರಲ್ಲಿ ಲಂಡನ್ನಿಗೆ ಹೋಗುವುದಾಗಿ ಹೇಳಿ, ಹೆಸರಿನ ಮುಂದಿದ್ದ ‘ರಾಯಲ್ ಡಚ್’ ಅನ್ನೂ ಕಳಚಿಟ್ಟಿತು.

ಈಗಿನ ಆಟ ಕನಿಷ್ಠ ತೆರಿಗೆಯದ್ದು. 2021ರ ಅಕ್ಟೋಬರಿನಲ್ಲಿ 136 ದೇಶಗಳು ಒಂದು ಒಪ್ಪಂದಕ್ಕೆ ಬಂದವು. ವರ್ಷಕ್ಕೆ 75 ಕೋಟಿ ಯೂರೋ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟು ಇರುವ ಗುಂಪುಗಳು ಎಲ್ಲೇ ಲಾಭ ತೋರಿಸಿದರೂ ಕನಿಷ್ಠ 15% ಕಟ್ಟಬೇಕು. ಒಂದು ದೇಶ ಕಡಿಮೆ ತಗೊಂಡರೆ, ಉಳಿದದ್ದನ್ನು ತಾಯಿ ಕಂಪನಿ ಇರುವ ದೇಶ ವಸೂಲು ಮಾಡಬಹುದು. ಅದೂ ಮಾಡದಿದ್ದರೆ ಗುಂಪು ವ್ಯವಹಾರ ಮಾಡುವ ಬೇರೆ ದೇಶಗಳು ಮಾಡಬಹುದು. 12.5% ಅನ್ನು ದೇಶದ ಗುರುತಿನಂತೆ ಕಾಪಾಡಿಕೊಂಡಿದ್ದ ಐರ್ಲೆಂಡ್ ಕೂಡ ಒಪ್ಪಿ, 2024ರಿಂದ ದೊಡ್ಡ ಗುಂಪುಗಳಿಗೆ 15% ಮಾಡಿತು.

ಅಮೆರಿಕ ಮಾತ್ರ ತನ್ನದೇ ಬೇರೆ ನಿಯಮವಿದೆ ಅಂತ ಹೊರಗೆ ನಿಂತಿತು. 2025ರ ಜೂನ್ ಕೊನೆಯಲ್ಲಿ ಜಿ7 ದೇಶಗಳು ಅದಕ್ಕೆ ಮಣಿದವು. ತಾಯಿ ಕಂಪನಿ ಅಮೆರಿಕದ್ದಾಗಿದ್ದರೆ ಆ ಗುಂಪಿನ ಮೇಲೆ ಈ ಎರಡು ವಸೂಲಿ ನಿಯಮಗಳನ್ನು ಹಾಕುವುದಿಲ್ಲ ಅಂತ ಒಪ್ಪಿಕೊಂಡವು. ಮಿನಿಯಾಪೊಲಿಸ್‌ನ ಗ್ಯಾರೇಜಿನಲ್ಲಿ ಹುಟ್ಟಿದ ಮೆಡ್‌ಟ್ರಾನಿಕ್‌ಗೆ, ಓಹಾಯೊದಿಂದ ಹೊರಟ ಈಟನ್‌ಗೆ ಆ ರಿಯಾಯಿತಿಯ ಮಾತು ಅನ್ವಯಿಸುವುದಿಲ್ಲ. ಅವರ ತಾಯಿ ಐರ್ಲೆಂಡಿನವಳು, ಕಾಗದದಲ್ಲಿ ಹಾಗೇ ಇದೆ.